ಹೊಸದು ಬಂದರೆ ಹಳೆಯದು ಸಾಯುತ್ತದೆಯೇ? ಗುಬ್ಬಿ ವೀರಣ್ಣ ಮಾಡಿ ತೋರಿಸಿದ್ದು
ವಾಟ್ಸ್‌ಆ್ಯಪ್ ಬಂದಮೇಲೆ ಇಮೇಲ್ ಕಥೆ ಮುಗಿಯಿತು ಎಂಬ ಫಾರ್ವರ್ಡ್ ನಮಗೂ ಬಂದಿದೆ. ಸಿನಿಮಾ ಬಂದಾಗ ನಾಟಕದ ಬಗ್ಗೆಯೂ ಇದೇ ಭಯವಿತ್ತು.

ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಶುರುವಾದ ನಾಟಕ ಕಂಪನಿಗೆ, 1891ರಲ್ಲಿ ಹುಟ್ಟಿದ ವೀರಣ್ಣ ಬಾಲನಟನಾಗಿ ಸೇರಿದರು. ಮುಂದೆ ಅದರ ಮಾಲೀಕರೇ ಆದರು. ಊರೂರು ಸುತ್ತಿ ಜನರನ್ನು ಸೇರಿಸಿದರು. ‘ಕುರುಕ್ಷೇತ್ರ’ ನಾಟಕಕ್ಕೆ ರಂಗದ ಮೇಲೆ ಆನೆ, ಕುದುರೆ ತಂದರು. ಸಿನಿಮಾ ಬಂದಾಗ ಕಂಪನಿ ಮುಚ್ಚಲಿಲ್ಲ; ಮೂಕಿ ಕಾಲದಲ್ಲೇ ಚಿತ್ರಗಳಿಗೂ ಕೈಹಾಕಿದರು. ಕಂಪನಿಯ ನಾಟಕ ‘ಬೇಡರ ಕಣ್ಣಪ್ಪ’ 1954ರಲ್ಲಿ ಚಿತ್ರವಾಯಿತು. ಅದೇ ಕಂಪನಿಯಲ್ಲಿ ಪಳಗಿದ್ದ ರಾಜ್‌ಕುಮಾರ್ ಅದರ ನಾಯಕರಾದರು. ವೀರಣ್ಣ ತೀರಿಕೊಂಡದ್ದು 1972ರಲ್ಲಿ. ನಾಟಕ ಇಂದಿಗೂ ಇದೆ.

ಹಾಗಾಗಿ ಆ ಫಾರ್ವರ್ಡ್ ಅರ್ಧಸತ್ಯ. ನಾಳೆ ಆ್ಯಪ್ ಬದಲಾದೀತು. ಗುಂಪು ಉಳಿಯುವುದು ಅದನ್ನು ಕಟ್ಟಿ ಜೊತೆಗೆ ಕರೆದೊಯ್ಯುವವರಿಂದ.