ಓದುಗರ ಮನೆಬಾಗಿಲಿಗೆ ನಡೆದು ಹೋದ ಗಳಗನಾಥರು

ಪರಸ್ಥಳಗಳಲ್ಲಿ ನೆಲೆಸಿರುವ ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಹಿರಿಯರು ದಾಸರ ಪದಗಳನ್ನು ಕನ್ನಡದಲ್ಲಿ ಹಾಡುತ್ತಾರೆ. ಮಕ್ಕಳು ಕಥೆಯನ್ನು ಮರಾಠಿಯಲ್ಲಿಯೋ ತಮಿಳಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಓದುತ್ತಾರೆ. ಊರು ಬಿಟ್ಟು ಬಂದದ್ದರಿಂದ ಹೀಗಾಯಿತೆಂದು ನಾವು ಪರಸ್ಪರ ಸಮಾಧಾನ ಹೇಳಿಕೊಳ್ಳುವುದುಂಟು. ಆದರೆ 19ನೆಯ ಶತಮಾನದ ಕೊನೆಯಲ್ಲಿ ಧಾರವಾಡ, ಬೆಳಗಾವಿ, ವಿಜಾಪುರಗಳಲ್ಲಿಯೇ ಸ್ಥಿತಿ ಇದಕ್ಕಿಂತ ಹೆಚ್ಚು ಭಿನ್ನವಾಗಿರಲಿಲ್ಲ. ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಆ ಸೀಮೆಯಲ್ಲಿ ಮನೆಯಲ್ಲಿ ಕನ್ನಡವಾಡುವ ವಿದ್ಯಾವಂತರು ಪುಸ್ತಕವೆಂದರೆ ಮರಾಠಿಯನ್ನೇ ಕೈಗೆತ್ತಿಕೊಳ್ಳುತ್ತಿದ್ದರು. ಅಂಥವರನ್ನು ಕನ್ನಡ ಓದಿಗೆ ಮರಳಿಸಿದವರಲ್ಲಿ ಅಗ್ರಗಣ್ಯರು ವೆಂಕಟೇಶ ತಿರಕೋ ಕುಲಕರ್ಣಿಯವರು, ಅರ್ಥಾತ್ ಕಾದಂಬರಿ ಪಿತಾಮಹರೆಂದು ಖ್ಯಾತರಾದ ಗಳಗನಾಥರು.

ಹಾವೇರಿಯ ಸೀಮೆಯಲ್ಲಿ ವರದಾ ನದಿಯು ತುಂಗಭದ್ರೆಯನ್ನು ಕೂಡುವ ಸಂಗಮದ ಬಳಿ ಗಳಗನಾಥವೆಂಬ ಗ್ರಾಮವಿದೆ. ಅಲ್ಲಿಯ ಗಳಗೇಶ್ವರ ದೇವಾಲಯವು ಚಾಲುಕ್ಯರ ಕಾಲದ್ದು. ಈ ಗ್ರಾಮದ ಕುಲಕರ್ಣಿ ಮನೆತನದಲ್ಲಿ 1869ರಲ್ಲಿ ಜನಿಸಿದ ವೆಂಕಟೇಶರಾಯರು ಊರಿನ ಹೆಸರನ್ನೇ ತಮ್ಮ ಕಾವ್ಯನಾಮವನ್ನಾಗಿ ಮಾಡಿಕೊಂಡರು. ಇಂದು ಅವರ ಸ್ವಂತ ಹೆಸರು ಹೇಳಿದರೆ ಗುರುತಿಸುವವರು ವಿರಳ. ಊರಿನ ಹೆಸರೇ ಅವರ ಹೆಸರಾಗಿ ಉಳಿದಿದೆ. ಜೀವನೋಪಾಯಕ್ಕಾಗಿ ಅವರು ಹಿಡಿದದ್ದು ಕನ್ನಡ ಶಾಲೆಯ ಮಾಸ್ತರಿಕೆ. ಶಾಲೆಯಲ್ಲಿ ಅಕ್ಷರ ಕಲಿಸಿದ ಮೇಲೆ ಆ ಅಕ್ಷರದಿಂದ ಓದುವುದಕ್ಕೆ ಸಂತೋಷದ ಪುಸ್ತಕಗಳಾವುವು ಎಂಬ ಪ್ರಶ್ನೆಗೆ ಆಗ ಆ ಭಾಗದಲ್ಲಿ ಸರಿಯಾದ ಉತ್ತರವಿರಲಿಲ್ಲ. ಮೈಸೂರು ಸೀಮೆಯಲ್ಲಿ ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತರುತ್ತಿದ್ದರು. ಉತ್ತರದ ಸೀಮೆಯಲ್ಲಿ ಆ ಭಾರವನ್ನು ಹೊತ್ತವರು ಗಳಗನಾಥರು.

‘ಪ್ರಬುದ್ಧ ಪದ್ಮನಯನೆ’ಯಿಂದ ಆರಂಭವಾದ ಅವರ ಬರವಣಿಗೆಗೆ ವಿಶಾಲವಾದ ಕ್ಷೇತ್ರ ದೊರೆತದ್ದು ಅಗಡಿಯ ಆನಂದವನದಲ್ಲಿ. ಶೇಷಾಚಲ ಸದ್ಗುರುಗಳ ಆ ಆಶ್ರಮದಿಂದ 1907ರಲ್ಲಿ ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆಯು ಹೊರಟಿತು. ಹೆಸರೇ ಸೂಚಿಸುವಂತೆ ಧರ್ಮಬೋಧೆಯೇ ಅದರ ಉದ್ದೇಶ. ಗಳಗನಾಥರು ಅದರಲ್ಲಿ ಕಾದಂಬರಿಗಳನ್ನು ಧಾರಾವಾಹಿಯಾಗಿ ಬರೆದರು. ಮುಂದಿನ ಸಂಚಿಕೆಯಲ್ಲಿ ಕಥೆ ಏನಾಯಿತೆಂದು ತಿಳಿಯುವ ಕುತೂಹಲದಿಂದ ಚಂದಾದಾರರು ಹೆಚ್ಚಿದರು. ಕಥೆಗಾಗಿ ಪತ್ರಿಕೆಯನ್ನು ತರಿಸಿದವರ ಕೈಗೆ ಬೋಧೆಯೂ ಸೇರಿತು. ಮಠದ ಮಾಸಪತ್ರಿಕೆಯೊಂದನ್ನು ನಡೆಸುವ ನಮಗೆ ಇದನ್ನು ನೆನೆದಾಗ ಸ್ವಲ್ಪ ಅಸೂಯೆಯಾಗುವುದೆಂದರೆ ಓದುಗರು ಕ್ಷಮಿಸಬೇಕು. ಮುಂದೆ ಅವರು ‘ಸದ್ಗುರು’ ಎಂಬ ಮತ್ತೊಂದು ಪತ್ರಿಕೆಯನ್ನೂ ನಡೆಸಿದರು.

ಅವರ ಕಥಾಸಾಮಗ್ರಿಯ ದೊಡ್ಡ ಭಾಗವು ಪುಣೆಯಿಂದ ಬಂದದ್ದೆಂಬುದು ವಿಶೇಷ. ಮರಾಠಿ ಕಾದಂಬರಿಕಾರರಾದ ಹರಿ ನಾರಾಯಣ ಆಪಟೆಯವರು (1864–1919) ತಮ್ಮ ‘ಕರಮಣೂಕ’ ಪತ್ರಿಕೆಯಿಂದ ಮನೆಮನೆಯ ಓದುಗರನ್ನು ಸೆಳೆದಿದ್ದರು. ಸಂಸ್ಕೃತ ಗ್ರಂಥಗಳ ಪ್ರಕಾಶನಕ್ಕೆ ಪ್ರಸಿದ್ಧವಾದ ಪುಣೆಯ ಆನಂದಾಶ್ರಮದ ವ್ಯವಸ್ಥೆಯನ್ನು ನೋಡಿಕೊಂಡವರೂ ಅವರೇ. ಆ ಗ್ರಂಥಮಾಲೆಯ ಸಂಪುಟಗಳು ನಮ್ಮ ಹಲವು ಪಂಡಿತರ ಮನೆಗಳಲ್ಲಿವೆ. ಮರಾಠಿಯ ಮೋಹದಿಂದ ಕನ್ನಡಿಗರನ್ನು ಬಿಡಿಸಬೇಕೆಂದ ಗಳಗನಾಥರು ಮರಾಠಿಯನ್ನು ಹಳಿಯುತ್ತ ಕೂಡಲಿಲ್ಲ. ಆಪಟೆಯವರ ಕಾದಂಬರಿಗಳನ್ನೇ ಕನ್ನಡಕ್ಕೆ ತಂದರು.

ಅವುಗಳಲ್ಲಿ ‘ಕನ್ನಡಿಗರ ಕರ್ಮಕಥೆ’ಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ವಿಜಯನಗರದ ಪತನವನ್ನು ಕುರಿತ ಈ ಕೃತಿಗೆ ಮೂಲ ಆಪಟೆಯವರ ‘ವಜ್ರಾಘಾತ’. ಕನ್ನಡಿಗರ ಸಾಮ್ರಾಜ್ಯದ ಕಥೆಯನ್ನು ಮರಾಠಿಯವರೊಬ್ಬರು ಕಾದಂಬರಿಯಾಗಿ ಬರೆದರು, ಅದನ್ನು ಕನ್ನಡಿಗರು ಮರಾಠಿಯಿಂದ ಪಡೆದರು! ನವವೃಂದಾವನದ ಯಾತ್ರೆಗೆ ಹೋದವರು ಆನೆಗೊಂದಿಯ ಬಳಿ ತುಂಗಭದ್ರೆಯನ್ನು ದಾಟುವಾಗ ಹಂಪೆಯ ಹಾಳನ್ನು ಸ್ಮರಿಸದೆ ಇರಲಾರರು. ಶ್ರೀ ವ್ಯಾಸರಾಜರು ವೃಂದಾವನಸ್ಥರಾದದ್ದು 1539ರಲ್ಲಿ. ಅನಂತರ ಕೇವಲ 26 ವರ್ಷಗಳಲ್ಲಿ, 1565ರ ಯುದ್ಧದಲ್ಲಿ, ರಾಮರಾಯನು ಹತನಾಗಿ ಆ ವೈಭವವು ಮಣ್ಣುಗೂಡಿತು. ಕಾದಂಬರಿಯಲ್ಲಿ ರಾಮರಾಯನು ಯೌವನದಲ್ಲಿ ಮೆಹರ್ಜಾನಳೆಂಬ ಕನ್ಯೆಯನ್ನು ಪ್ರೀತಿಸಿ ತೊರೆಯುತ್ತಾನೆ. ಅವಳ ಮಗನಾದ ರಣಮಸ್ತಖಾನನು ಶತ್ರುಪಕ್ಷದಲ್ಲಿ ಬೆಳೆದು ಎದುರು ನಿಲ್ಲುತ್ತಾನೆ. ಇದು ಚರಿತ್ರೆಯಲ್ಲ, ಕಲ್ಪನೆ. ಕಿರಿಯರಿಗೆ ಓದಲು ಕೊಡುವಾಗ ಹಿರಿಯರು ಈ ಮಾತನ್ನು ತಿಳಿಸುವುದು ಒಳಿತು. ಆದರೆ ಸೋಲಿನ ಕಾರಣವನ್ನು ಹೊರಗಿನ ಸೈನ್ಯದಲ್ಲಿ ಮಾತ್ರ ಹುಡುಕದೆ, ರಾಜನ ಸ್ವಂತ ಕರ್ಮದಲ್ಲಿಯೂ ಹುಡುಕಿದ ಈ ಕಥೆಯು ಶೀರ್ಷಿಕೆಗೆ ತಕ್ಕಂತೆ ಓದುಗನನ್ನು ಕಲಕುತ್ತದೆ.

ಸಾಮ್ರಾಜ್ಯದ ಅಂತ್ಯವನ್ನು ಹೇಳಿದಂತೆ ಅದರ ಉದಯವನ್ನೂ ಅವರು ‘ಮಾಧವ ಕರುಣಾ ವಿಲಾಸ’ದಲ್ಲಿ (1923) ಹೇಳಿದರು. ಇದರ ನಾಯಕರು ವಿದ್ಯಾರಣ್ಯರು. ಶ್ರೀ ಅಕ್ಷೋಭ್ಯತೀರ್ಥರು ವಿದ್ಯಾರಣ್ಯರೊಡನೆ ನಡೆಸಿದ ವಾದದ ಪ್ರಸಂಗವನ್ನು ಕೇಳಿ ಬೆಳೆದವರು ನಾವು. ಮತಭೇದವು ಮತಭೇದವೇ, ಅದರಿಂದ ಈ ಬೃಹತ್ ಕೃತಿಯನ್ನು ಓದುವ ಆನಂದಕ್ಕೆ ಕುಂದಿಲ್ಲವೆಂದು ನಮ್ಮ ಅಭಿಪ್ರಾಯ. ‘ಕಮಲಕುಮಾರಿ’, ‘ಕುಮುದಿನಿ’, ‘ರಾಣಿ ಮೃಣಾಲಿನಿ’, ‘ಗೃಹಕಲಹ’ ಮೊದಲಾದವು ಅವರ ಇತರ ಕಾದಂಬರಿಗಳು.

ಬರೆದು ಅಚ್ಚು ಮಾಡಿಸಿದರೆ ಕೆಲಸ ಮುಗಿಯಿತೆಂದು ಅವರು ತಿಳಿಯಲಿಲ್ಲ. ಪುಸ್ತಕದ ಅಂಗಡಿಗಳೇ ಅಪರೂಪವಾಗಿದ್ದ ಕಾಲವದು. ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರಿಗೆ ತಿರುಗಿ, ಮನೆಮನೆಗೆ ಹೋಗಿ ಮಾರಿದರು. ಪತ್ರಿಕೆಯ ಸಂಪಾದಕರು, ಹೆಸರಾಂತ ಗ್ರಂಥಕರ್ತರು, ಹೆಗಲ ಮೇಲೆ ಗಂಟು ಹೊತ್ತು ಅಪರಿಚಿತರ ಕಟ್ಟೆಯ ಮುಂದೆ ನಿಲ್ಲುವುದೆಂದರೆ ಸಾಮಾನ್ಯವಾದ ಮಾತಲ್ಲ. ಅಂದಿನ ಸಮಾಜದಲ್ಲಿ ಅದು ಗೌರವದ ಕೆಲಸವೆಂದು ಎಣಿಸಲ್ಪಡುತ್ತಿರಲಿಲ್ಲ. ಅವರಿಗೆ ಅದರ ಲಜ್ಜೆಯಿರಲಿಲ್ಲ. ಪೇಟೆಯ ಪಂಡಿತರಿಗಿಂತ ಹಳ್ಳಿಯ ಗೃಹಿಣಿಯರು, ಶಾಲೆ ಬಿಟ್ಟ ತರುಣರು, ಓದು ಬಲ್ಲ ಒಕ್ಕಲಿಗರು ಅವರ ಪುಸ್ತಕ ಕೊಂಡವರು.

ಅವರ ಕೃತಿಗಳಲ್ಲಿ ಸ್ವತಂತ್ರವಾದವು ಕಡಿಮೆಯೆಂದು ವಿಮರ್ಶಕರು ಆಕ್ಷೇಪಿಸುವುದುಂಟು. ಆಕ್ಷೇಪವು ನಿಜವೇ. ಕಥೆಯ ನಡುವೆ ಉಪದೇಶ ಬಹಳ; ಸಂಸ್ಕೃತಪದಗಳ ದಟ್ಟಣೆಯಲ್ಲಿ ಇಂದಿನ ಮಕ್ಕಳು ಮೊದಲ ಪುಟದಲ್ಲಿಯೇ ನಿಂತುಬಿಡಬಹುದು. ಆದ್ದರಿಂದ ಅವರ ಪುಸ್ತಕವನ್ನು ಮಗುವಿನ ಕೈಗೆ ಕೊಟ್ಟು ಸುಮ್ಮನಾಗುವುದಕ್ಕಿಂತ ಅಜ್ಜನೋ ಅಜ್ಜಿಯೋ ರಾತ್ರಿ ಊಟವಾದ ಮೇಲೆ ದಿನಕ್ಕೊಂದು ಪ್ರಕರಣದಂತೆ ಗಟ್ಟಿಯಾಗಿ ಓದಿ ಹೇಳಿದರೆ ಚೆನ್ನು. ಧಾರಾವಾಹಿಯಾಗಿ ಬರೆದವರ ಕಥೆಯಾದುದರಿಂದ ಪ್ರಕರಣದ ಕೊನೆಯಲ್ಲಿ ಕುತೂಹಲಕ್ಕೆ ಕೊರತೆಯಿಲ್ಲ. ‘ಕನ್ನಡಿಗರ ಕರ್ಮಕಥೆ’ಯು ಅವರ ಕಾಲಾನಂತರವೂ ಮರುಮುದ್ರಣಗಳನ್ನು ಕಂಡಿದೆ, ಊರಿಗೆ ಹೋದಾಗ ಹುಬ್ಬಳ್ಳಿ, ಧಾರವಾಡಗಳ ಅಂಗಡಿಗಳಲ್ಲಿ ವಿಚಾರಿಸಬಹುದು.

ಗಳಗನಾಥರು 1942ರಲ್ಲಿ ತೀರಿಕೊಂಡರು. ಅವರು ಗಂಟು ಹೊತ್ತು ನಡೆದ ಹಳ್ಳಿಗಳು ಆಗಲೂ ಮುಂಬಯಿ ಪ್ರಾಂತಕ್ಕೇ ಸೇರಿದ್ದವು. ಕನ್ನಡನಾಡು ಒಂದಾಗುವುದಕ್ಕೆ ಇನ್ನೂ 14 ವರ್ಷಗಳಿದ್ದವು.