ದೊಡ್ಡಸ್ವಾಮಿಯವರು

ಶ್ರೀರಂಗಪಟ್ಟಣದ ಕೋಟೆ 1799ರ ಮೇ ತಿಂಗಳಲ್ಲಿ ಬಿದ್ದಿತೆಂಬುದನ್ನು ನಮ್ಮ ಸೀಮೆಯಲ್ಲಿ ಚರಿತ್ರೆ ಓದದವರೂ ಬಲ್ಲರು. ಕೋಟೆ ಬಿದ್ದ ಮೇಲೆ ಅಲ್ಲಿಗೆ ಬಂದವರಲ್ಲಿ ದಳಪತಿಗಳಿದ್ದರು, ವರ್ತಕರಿದ್ದರು, ಲೂಟಿಯ ಆಸೆಯವರೂ ಇದ್ದರು. ಇವರಾರ ಗುಂಪಿಗೂ ಸೇರದ ಒಬ್ಬ ಫ್ರೆಂಚ್ ಪಾದ್ರಿಯೂ ಬಂದರು. ತಲೆಗೆ ಮುಂಡಾಸು, ಮೈಗೆ ನಮ್ಮವರಂಥದೇ ಉದ್ದನೆಯ ಬಿಳಿಯ ಅಂಗಿ. ಜನ ಅವರನ್ನು ದೊಡ್ಡಸ್ವಾಮಿಯವರೆಂದು ಕರೆದರು. ಪುಸ್ತಕಗಳಲ್ಲಿ ಅವರ ಹೆಸರು ಅಬ್ಬೆ ಜಾನ್ ಆಂತ್ವಾನ್ ದುಬ್ವಾ. ಈ ಹೆಸರನ್ನು ನಮ್ಮ ತರಗತಿಯಲ್ಲಿ ನಾಲ್ಕು ಜನ ನಾಲ್ಕು ಬಗೆಯಾಗಿ ಉಚ್ಚರಿಸುತ್ತೇವೆ. ಆದ್ದರಿಂದ ಜನರು ಇಟ್ಟ ಹೆಸರನ್ನೇ ನಾನು ಇಲ್ಲಿ ಹೆಚ್ಚಾಗಿ ಬಳಸುತ್ತೇನೆ.

ಅವರು ಹುಟ್ಟಿದ್ದು ದಕ್ಷಿಣ ಫ್ರಾನ್ಸಿನ ಆರ್ದೆಷ್ ಪ್ರಾಂತದಲ್ಲಿ, 1760ರ ದಶಕದ ಮಧ್ಯಭಾಗದಲ್ಲಿ. ಫ್ರೆಂಚ್ ಕ್ರಾಂತಿಯು ಪಾದ್ರಿಗಳ ಮೇಲೆ ಕೆರಳಿ ನಿಂತಿದ್ದ 1792ರಲ್ಲಿ ಪ್ಯಾರಿಸಿನ ವಿದೇಶೀ ಮಿಷನ್ ಸಂಘದ ಪರವಾಗಿ ಹಡಗು ಹತ್ತಿ ಭಾರತಕ್ಕೆ ಬಂದರು. ಮೊದಲ ಕೆಲವು ವರ್ಷ ತಮಿಳು ಸೀಮೆಯಲ್ಲಿದ್ದು, ಬಳಿಕ ಮೈಸೂರಿಗೆ ಬಂದರು. ಆರ್ಥರ್ ವೆಲ್ಲೆಸ್ಲಿಯ ಶಿಫಾರಸಿನಿಂದ ಅವರನ್ನು ಕರೆಸಲಾಯಿತೆಂದು ಹೇಳುತ್ತಾರೆ.

ಕರೆಸಿದ ಕಾರಣ ಹೀಗಿತ್ತು. 1784ರಲ್ಲಿ ಟೀಪೂಸುಲ್ತಾನನು ಕೆನರಾ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿಸಿ ಪಟ್ಟಣಕ್ಕೆ ತರಿಸಿದ್ದನು. ಅವರಲ್ಲಿ ಅನೇಕರನ್ನು ಬಲಾತ್ಕಾರದಿಂದ ಮತಾಂತರಗೊಳಿಸಲಾಗಿತ್ತು. ಸುಲ್ತಾನನು ಮಡಿದ ಮೇಲೆ ಬದುಕುಳಿದವರು ಹಿಂದಿನ ಮತಕ್ಕೆ ಮರಳಬಯಸಿದರು. ಹದಿನೈದು ವರ್ಷ ಬೇರೊಂದು ಮತದಲ್ಲಿದ್ದವರನ್ನು ಮತ್ತೆ ಒಳಕ್ಕೆ ಸೇರಿಸಿಕೊಳ್ಳುವುದು ಸಣ್ಣ ಮಾತಲ್ಲ. ಬಂದವರನ್ನು ದೊಡ್ಡಸ್ವಾಮಿಯವರು ಸೇರಿಸಿಕೊಂಡರು, ಪಟ್ಟಣದ ಪಕ್ಕದ ಗಂಜಾಮಿನಲ್ಲಿ ಅವರಿಗೊಂದು ದೇವಾಲಯವೂ ಆಯಿತು. ಆದರೆ ಮುಂದೆ ಇದೇ ಸಂಗತಿಯನ್ನು ಬರೆಯುವಾಗ ಅವರ ಲೇಖನಿ ಬಹಳ ಕಠಿನವಾಯಿತು. ಅವರ ಅಂದಾಜಿನಂತೆ ಸೆರೆಯಾದವರು ಅರವತ್ತು ಸಾವಿರ ಜನ. ಇಷ್ಟು ಜನರಲ್ಲಿ ನಂಬಿಕೆಗಾಗಿ ಪ್ರಾಣ ಕೊಡುವ ಧೈರ್ಯ ಒಬ್ಬರಿಗೂ ಬರಲಿಲ್ಲವಲ್ಲ ಎಂದು ಅವರು ನಾಚಿಕೆಯಿಂದ ಬರೆದರು. ಹಸುಗೂಸುಗಳನ್ನು ಕಟ್ಟಿಕೊಂಡು ಘಟ್ಟ ಹತ್ತಿ ಬಂದವರ ವಿಷಯದಲ್ಲಿ ಇಷ್ಟು ಕಠೋರವಾದ ಮಾತು ಆಡಬಹುದಿತ್ತೇ ಎಂದು ನನಗೆ ಅನಿಸುತ್ತದೆ. ಎದುರಿಗೆ ನಿಂತ ಮನುಷ್ಯನಲ್ಲಿ ಅವರಿಗಿದ್ದ ದಯೆ, ಕಾಗದದ ಮುಂದೆ ಕುಳಿತಾಗ ಇರುತ್ತಿರಲಿಲ್ಲ. ಇದನ್ನು ಅವರ ಜೀವನದುದ್ದಕ್ಕೂ ಕಾಣಬಹುದು.

ದಯೆಯ ಪಾಲು ದೊಡ್ಡದೇ ಆಗಿದೆ. ಹಾಸನದ ಬಳಿ ಸಾತಳ್ಳಿಯಲ್ಲಿ ಬಡ ಕ್ರೈಸ್ತರಿಗಾಗಿ ಅವರು ಒಂದು ಒಕ್ಕಲುತನದ ನೆಲೆಯನ್ನು ಸ್ಥಾಪಿಸಿದರು. ಸಿಡುಬು ನಾಡನ್ನು ಹಾಳುಮಾಡುತ್ತಿದ್ದಾಗ, 1803-04ರಲ್ಲಿ, ಅವರ ಪ್ರಯತ್ನದಿಂದ 25,432 ಜನರಿಗೆ ದೇವಿ ಹಾಕಲಾಯಿತೆಂದು ಲೆಕ್ಕವಿದೆ. ಸಿಡುಬನ್ನು ಅಮ್ಮನೆಂದು ಪೂಜಿಸುವ ಜನರ ತೋಳಿಗೆ ಹಸುವಿನ ರೋಗದ ಕೀವನ್ನು ಚುಚ್ಚಬೇಕಾಗಿದ್ದ ಕಾಲ ಅದು! ಅರಮನೆಯ ರಾಣಿಯರೇ ದೇವಿ ಹಾಕಿಸಿಕೊಂಡು ಪ್ರಜೆಗಳಿಗೆ ಮಾದರಿಯಾದರೆಂದು ಸುಮಾರು 1805ರ ಒಂದು ವರ್ಣಚಿತ್ರದಿಂದ ಇತಿಹಾಸಕಾರರು ಊಹಿಸಿದ್ದಾರೆ. ಆ ಇಪ್ಪತ್ತೈದು ಸಾವಿರ ಜನರಲ್ಲಿ ಕ್ರೈಸ್ತರೆಷ್ಟು, ಅಲ್ಲದವರೆಷ್ಟು ಎಂಬ ವಿಂಗಡಣೆಯನ್ನು ನಾನು ಎಲ್ಲಿಯೂ ಕಂಡಿಲ್ಲ.

ಅವರಿಗೆ ಕೀರ್ತಿ ತಂದದ್ದು ಮಾತ್ರ ಪುಸ್ತಕ. ಹಿಂದೂಗಳ ಆಚಾರ ವ್ಯವಹಾರಗಳನ್ನು ವರ್ಣಿಸುವ ಒಂದು ದೊಡ್ಡ ಹಸ್ತಪ್ರತಿಯನ್ನು ಅವರು 1806ರಲ್ಲಿ ಮೈಸೂರಿನ ರೆಸಿಡೆಂಟರಾದ ಮಾರ್ಕ್ ವಿಲ್ಕ್ಸರಿಗೆ ಒಪ್ಪಿಸಿದರು. ಮರುವರ್ಷ ಮದರಾಸಿನ ಗವರ್ನರ್ ಬೆಂಟಿಂಕ್ ಎರಡು ಸಾವಿರ ವರಹ ಕೊಟ್ಟು ಅದನ್ನು ಕಂಪನಿಯ ಪರವಾಗಿ ಕೊಂಡರು. 1816ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷ್ ಅನುವಾದ ಪ್ರಕಟವಾಯಿತು. ಇಂದಿಗೂ ಅದನ್ನು ಓದುವವರುಂಟು.

ನನ್ನ ಊರು ತಿರುಮಕೂಡಲು ನರಸೀಪುರ ತಾಲ್ಲೂಕಿನ ಹೆಮ್ಮಿಗೆ. ಮೂಗೂರು ನಮ್ಮ ತಾಲ್ಲೂಕಿನದೇ. ಅಲ್ಲಿಯ ತಿಬ್ಬಾದೇವಿಯ ಜಾತ್ರೆಗೆ ನಮ್ಮ ಕಡೆಯವರು ಗಾಡಿ ಕಟ್ಟಿಕೊಂಡು ಹೋಗುತ್ತಿದ್ದುದನ್ನು ಅಜ್ಜಿ ಹೇಳುತ್ತಿದ್ದಳು. ದೊಡ್ಡಸ್ವಾಮಿಯವರ ಪುಸ್ತಕದಲ್ಲಿ ಈ ಮೂಗೂರಿನ ಅಮ್ಮನ ಉತ್ಸವದ ವರ್ಣನೆ ಬರುತ್ತದೆ. ಅದರಲ್ಲಿ ಅಶ್ಲೀಲತೆಯ ವಿನಾ ಅವರಿಗೆ ಮತ್ತೇನೂ ಕಾಣಲಿಲ್ಲ. ಅವರು ಕಂಡದ್ದು ಸುಳ್ಳೆಂದು ನಾನು ವಾದಿಸುವುದಿಲ್ಲ. ಆದರೆ ಹರಕೆ ಹೊತ್ತು ಬಂದ ಒಬ್ಬ ಹೆಂಗಸಿನ ಮುಖ ಆ ಪುಟದಲ್ಲಿ ಇಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನಮ್ಮ ನೆರೆಯೂರಿನ ಹೆಸರನ್ನು ಇಂಥ ದೊಡ್ಡ ಪುಸ್ತಕದಲ್ಲಿ ಮೊಟ್ಟಮೊದಲು ಕಂಡ ಹಿಗ್ಗು, ಎರಡು ವಾಕ್ಯ ಓದುವಷ್ಟರಲ್ಲಿ ಇಳಿದುಹೋಯಿತು.

ಆ ಗ್ರಂಥದ ಸತ್ಯದ ವಿಷಯದಲ್ಲಿಯೂ ಒಂದು ತೊಡಕುಂಟು. ಪುದುಚೇರಿಯಲ್ಲಿದ್ದ ಕೇರ್ದೂ ಎಂಬ ಜೆಸ್ವಿಟ್ ಪಾದ್ರಿಯು ಬಹಳ ಹಿಂದೆ ಬರೆದಿಟ್ಟಿದ್ದ ಬರಹವೇ ದುಬ್ವಾ ಅವರ ಗ್ರಂಥದ ಬಹುಭಾಗಕ್ಕೆ ಮೂಲವೆಂದು ಸಿಲ್ವಿಯಾ ಮುರ್ ಎಂಬ ಫ್ರೆಂಚ್ ವಿದುಷಿ 1987ರಲ್ಲಿ ಪ್ರಕಟವಾದ ತಮ್ಮ ಸಂಶೋಧನೆಯಲ್ಲಿ ತೋರಿಸಿಕೊಟ್ಟರು. ದೊಡ್ಡಸ್ವಾಮಿಯವರು ಆ ಹಿರಿಯರ ಹೆಸರನ್ನು ಹೇಳಲಿಲ್ಲ. ಆ ಕಾಲದಲ್ಲಿ ಇದು ವಾಡಿಕೆಯಾಗಿತ್ತೆಂದು ಕೆಲವರು ಸಮಾಧಾನ ಹೇಳುವುದುಂಟು. ಎರಡು ಸಾವಿರ ವರಹ ಕೈಗೆ ಬಂದ ಮೇಲೆ ಆ ಸಮಾಧಾನ ನನಗೆ ಸಾಲದು.

ಹೀಗಿದ್ದರೂ ಅವರನ್ನು ಪ್ರಾಮಾಣಿಕರಲ್ಲವೆಂದು ತಳ್ಳಿಹಾಕಲು ಬರುವುದಿಲ್ಲ. ಅದಕ್ಕೆ ಕಾರಣ 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅವರ ಇನ್ನೊಂದು ಪುಸ್ತಕ, ಭಾರತದಲ್ಲಿ ಕ್ರೈಸ್ತಮತದ ಸ್ಥಿತಿಯನ್ನು ಕುರಿತ ಪತ್ರಗಳು. ಯೂರೋಪಿನ ಮಿಷನ್ ಸಂಘಗಳು ಜಯದ ವರದಿಗಳನ್ನು ಅಚ್ಚುಹಾಕಿಸಿ ಚಂದಾ ಎತ್ತುತ್ತಿದ್ದ ಕಾಲದಲ್ಲಿ ಈ ಪಾದ್ರಿಯು ತಮ್ಮ ಲೆಕ್ಕವನ್ನು ಬಹಿರಂಗವಾಗಿ ಒಪ್ಪಿಸಿದರು. ಇಷ್ಟು ವರ್ಷಗಳ ದುಡಿಮೆಯಲ್ಲಿ, ಒಬ್ಬ ದೇಶೀಯ ಪಾದ್ರಿಯ ಸಹಾಯವಿದ್ದೂ, ತಾವು ಮತಕ್ಕೆ ಸೇರಿಸಿದ್ದು ಇನ್ನೂರರಿಂದ ಮುನ್ನೂರು ಜನ ಮಾತ್ರ. ಅವರಲ್ಲಿಯೂ ಹೆಚ್ಚಿನವರು ಹೊಟ್ಟೆಗಿಲ್ಲದೆಯೋ, ಜಾತಿಯಿಂದ ಹೊರಬಿದ್ದು ಮದುವೆ ಸಂಬಂಧಕ್ಕಾಗಿಯೋ ಬಂದವರು. ನಿಜವಾದ ಮನಃಪರಿವರ್ತನೆ ಈ ದೇಶದಲ್ಲಿ ಅಸಾಧ್ಯವೇ ಸರಿ ಎಂದು ಅವರು ತೀರ್ಮಾನಿಸಿದರು. ಇದರಿಂದ ಪ್ರೊಟೆಸ್ಟೆಂಟ್ ಪಾದ್ರಿಗಳು ಸಿಟ್ಟಾದರು. ಜೇಮ್ಸ್ ಹೋ ಎಂಬವರು ಮರುವರ್ಷವೇ ಒಂದು ಖಂಡನ ಗ್ರಂಥ ಬರೆದರು. ತನ್ನ ಆಯುಸ್ಸಿನ ಸೋಲನ್ನು ಅಂಕಿ ಸಮೇತ ಅಚ್ಚುಮಾಡಿಸಿದ ಮತಪ್ರಚಾರಕ ಮತ್ತೊಬ್ಬನನ್ನು ನಾನರಿಯೆ. ಆದರೆ ಇಲ್ಲಿಯೂ ಅದೇ ಮಾತು: ಹಸಿದು ಬಂದವನ ನಂಬಿಕೆ ನಂಬಿಕೆಯಲ್ಲವೆಂದು ಅಷ್ಟು ಸುಲಭವಾಗಿ ಹೇಳಿಬಿಡಬಹುದೇ? ಅವರಲ್ಲಿ ಬಹುಪಾಲು ಹೊಲೆಯರೆಂದು, ಭಿಕ್ಷುಕರೆಂದು ಅವರು ಬರೆಯುವಾಗ ಆ ಜನಕ್ಕೆ ಅನ್ನದ ಜೊತೆಗೆ ಮರ್ಯಾದೆಯೂ ಬೇಕಾಗಿದ್ದಿರಬಹುದೆಂಬುದು ಅವರಿಗೆ ಹೊಳೆಯಲಿಲ್ಲ. ಜಾತಿಪದ್ಧತಿಯನ್ನು ಹಿಂದೂ ಶಾಸನಕರ್ತರ ಶ್ರೇಷ್ಠ ಸಾಧನೆಯೆಂದು ಹೊಗಳಿದವರೂ ಇವರೇ.

ಆ ಪತ್ರಗಳಲ್ಲಿ ಒಂದು ಸಣ್ಣ ಪ್ರಸಂಗವಿದೆ. ಒಮ್ಮೆ ಅವರು ದೇವಾಲಯದಲ್ಲಿ ದುಂದುಗಾರ ಮಗನ ಕಥೆಯನ್ನು ವಿವರಿಸಿದರು. ಆಸ್ತಿಯನ್ನೆಲ್ಲ ಹಾಳುಮಾಡಿ ಮರಳಿ ಬಂದ ಮಗನಿಗಾಗಿ ತಂದೆಯು ಕೊಬ್ಬಿದ ಕರುವನ್ನು ಕೊಯ್ಯಿಸಿ ಔತಣ ಮಾಡಿಸುತ್ತಾನೆ. ಪ್ರಸಂಗ ಮುಗಿದ ಮೇಲೆ ಸಭೆಯ ಕೆಲವರು ಮುಖ ಗಂಟಿಕ್ಕಿಕೊಂಡು ಅವರ ಬಳಿಗೆ ಬಂದರು. ಕರುವಿನ ಮಾತು ಸರಿಯಲ್ಲ, ಹೊರಗಿನವರು ಕೇಳಿದ್ದರೆ ನಮ್ಮ ಮತ ಕೀಳುಮತವೆನ್ನುತ್ತಿದ್ದರು, ಮುಂದೆ ಈ ಕಥೆ ಹೇಳುವಾಗ ಕರುವಿನ ಬದಲು ಕುರಿಮರಿಯೆನ್ನಿ ಎಂದು ಬುದ್ಧಿ ಹೇಳಿದರು. ದೊಡ್ಡಸ್ವಾಮಿಯವರು ಇದನ್ನು ಮತಪ್ರಚಾರದ ಕಷ್ಟಕ್ಕೆ ಒಂದು ಉದಾಹರಣೆಯಾಗಿ ಬರೆದರು. ನನಗೆ ಇದು ಅವರ ಎಲ್ಲ ವಾದಗಳಿಗಿಂತ ಹೆಚ್ಚಿನದಾಗಿ ತೋರುತ್ತದೆ. ಶಾಸ್ತ್ರದ ಅಕ್ಷರವನ್ನು ತಿದ್ದುವುದು ಸುಳ್ಳು. ಕೇಳುವವನ ಹೊಟ್ಟೆ ತೊಳಸುವಂತೆ ಹೇಳುವುದು ನಿಷ್ಕರುಣೆ. ಇದೇ ಇಕ್ಕಟ್ಟಿನಲ್ಲಿ ಹಿಂದಿನ ಜೆಸ್ವಿಟರು ಒಂದು ದಾರಿ ಹಿಡಿದಿದ್ದರು. ಮಧುರೆಯ ರಾಬರ್ಟ್ ದೆ ನೊಬಿಲಿ ಕಾವಿಯುಟ್ಟು, ಮಾಂಸ ಬಿಟ್ಟು ಸಂನ್ಯಾಸಿಯಂತೆ ಬಾಳಿದರು. ಅವರ ಹಾದಿಯಲ್ಲಿ ನಡೆದವರ ಆಚರಣೆಗಳ ಮೇಲೆ ರೋಮಿನಲ್ಲಿ ದೀರ್ಘಕಾಲ ವಿಚಾರಣೆ ನಡೆದು 1744ರಲ್ಲಿ ಪೋಪರು ನಿಷೇಧ ಹೊರಡಿಸಿದರು. ದೊಡ್ಡಸ್ವಾಮಿಯವರು ಉಡುಪಿನಲ್ಲಿ ಜೆಸ್ವಿಟರನ್ನು ಅನುಸರಿಸಿದರು.

ಈ ಕರುವಿನ ಕಥೆಯನ್ನು ನಾನು ರಜೆಯಲ್ಲಿ ನಮ್ಮ ತಂದೆಯವರಿಗೆ ಹೇಳಿದೆ. ಅವರಿಗೆ ಓದು ಬಾರದು. ಸ್ವಲ್ಪ ಹೊತ್ತು ಸುಮ್ಮನಿದ್ದು, ಕರುವಿನ ಮಾತು ಹಾಗಿರಲಿ, ಮಗ ಬಂದನಲ್ಲ ಅಷ್ಟು ಸಾಕು ಎಂದರು. ಕುರಿಮರಿಯೆನ್ನಿ ಎಂದ ಆ ಸಭೆಯವರಿಗೂ ಕಥೆಯ ತಿರುಳಿನಲ್ಲಿ ತಕರಾರಿರಲಿಲ್ಲವಷ್ಟೆ.

1823ರ ಜನವರಿಯಲ್ಲಿ ದೊಡ್ಡಸ್ವಾಮಿಯವರು ಭಾರತವನ್ನು ಬಿಟ್ಟರು. ಕಂಪನಿಯವರು ಹಡಗಿನ ವೆಚ್ಚವನ್ನೂ ವಿಶ್ರಾಂತಿ ವೇತನವನ್ನೂ ಕೊಟ್ಟರು. ಇನ್ನೆಂದೂ ಮರಳಲಿಲ್ಲ. ಪ್ಯಾರಿಸಿನಲ್ಲಿ 1826ರಲ್ಲಿ ಪಂಚತಂತ್ರದ ಕಥೆಗಳನ್ನು ಫ್ರೆಂಚಿನಲ್ಲಿ ಪ್ರಕಟಿಸಿದರು. 1836ರಿಂದ ಮೂರು ವರ್ಷ ತಮ್ಮ ಸಂಘದ ಮುಖ್ಯಸ್ಥರಾಗಿದ್ದರು. ಯಾವ ದೇಶದಲ್ಲಿ ಮತಪ್ರಚಾರ ವ್ಯರ್ಥವೆಂದು ಬರೆದಿದ್ದರೋ ಆ ದೇಶಕ್ಕೆ ಹೊರಟ ತರುಣ ಪಾದ್ರಿಗಳನ್ನು ಬೀಳ್ಕೊಡುವ ಸಂಘ ಅದೇ. 1848ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಥಾಮಸ್ ಹಿಕಿ ಬರೆದ ಅವರ ಚಿತ್ರದಲ್ಲಿ ಅವರು ಮುಂಡಾಸು ಸುತ್ತಿಕೊಂಡೇ ಇದ್ದಾರೆ. ಗಂಜಾಮಿನ ದೇವಾಲಯವನ್ನು ಜನ ಇಂದಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ.