ಗೆದ್ದ ಎಂಜಿನ್, ಗೆಲ್ಲದ ಕಾರ್ಖಾನೆ

ಮೋಟಾರ್‌ಸೈಕಲ್ ರೇಸಿನ ಇತಿಹಾಸದಲ್ಲಿ ವಾಲ್ಟರ್ ಕಾಡೆನ್ ಅವರಷ್ಟು ಅಲ್ಪ ಬಂಡವಾಳದಿಂದ ಅಷ್ಟು ದೊಡ್ಡ ಬದಲಾವಣೆ ತಂದವರು ವಿರಳ. 1919ರಲ್ಲಿ ಜರ್ಮನಿಯ ಸ್ಯಾಕ್ಸನಿಯಲ್ಲಿ ಜನಿಸಿದ ಅವರು, ಮುಂದೆ ಎಂಜೆಡ್ ಎಂದು ಹೆಸರಾದ ಪೂರ್ವ ಜರ್ಮನಿಯ ಸರ್ಕಾರಿ ಕಾರ್ಖಾನೆಯ ರೇಸಿಂಗ್ ವಿಭಾಗದ ಹೊಣೆಯನ್ನು 1953ರಲ್ಲಿ ಹೊತ್ತರು. ಟೂ-ಸ್ಟ್ರೋಕ್ ಎಂಜಿನ್ ಅಗ್ಗದ ವಾಹನಗಳಿಗಷ್ಟೇ ತಕ್ಕದ್ದೆಂಬ ಭಾವನೆ ಆಗ ಬಲವಾಗಿತ್ತು. ಇಂಧನದ ಒಂದು ಪಾಲು ಉರಿಯುವ ಮುನ್ನವೇ ಹೊಗೆಕೊಳವೆಗೆ ಸೋರಿಹೋಗುತ್ತಿತ್ತು. ಕೊಳವೆಯ ನಡುಭಾಗವನ್ನು ಉಬ್ಬಿಸಿ ತುದಿಯನ್ನು ಕಿರಿದುಗೊಳಿಸಿದರೆ, ಹಿಂದಿರುಗುವ ಒತ್ತಡದ ಅಲೆಯೇ ಆ ಇಂಧನವನ್ನು ಸಿಲಿಂಡರಿಗೆ ಮರಳಿ ತಳ್ಳುತ್ತದೆ. ತತ್ತ್ವ ಅವರ ಸ್ವಂತದ್ದಲ್ಲ. ಅಳೆದು, ತಿದ್ದಿ, ಪಳಗಿಸಿದ್ದು ಅವರು. 1961ರ ವೇಳೆಗೆ ಅವರ 125 ಸಿಸಿ ಎಂಜಿನ್ 25 ಅಶ್ವಶಕ್ತಿ ನೀಡುತ್ತಿತ್ತು.

ಆ ಸೆಪ್ಟೆಂಬರಿನಲ್ಲಿ, ಬರ್ಲಿನ್ ಗೋಡೆ ಎದ್ದು ತಿಂಗಳು ಕಳೆದಿತ್ತಷ್ಟೆ, ಅವರ ಸವಾರ ಅರ್ನ್ಸ್ಟ್ ಡೆಗ್ನರ್ ಸ್ವೀಡನ್ ರೇಸಿನ ಬೆನ್ನಿಗೇ ಪಶ್ಚಿಮಕ್ಕೆ ಪರಾರಿಯಾದರು. ಗುಟ್ಟು ಜಪಾನಿನ ಸುಜುಕಿಯ ಪಾಲಾಯಿತು. 1962ರ 50 ಸಿಸಿ ವಿಶ್ವಪಟ್ಟವೂ ಡೆಗ್ನರ್ ಮೂಲಕ ಅದಕ್ಕೇ ಸಂದಿತು. 1975ರಲ್ಲಿ 500 ಸಿಸಿ ಪಟ್ಟವನ್ನು ಗೆದ್ದ ಮೊದಲ ಟೂ-ಸ್ಟ್ರೋಕ್ ಯಮಹಾದ್ದು. ಎಂಜೆಡ್‌ಗೆ ಒಂದು ಪಟ್ಟವೂ ದಕ್ಕಲಿಲ್ಲ. ಡೆಗ್ನರ್ ಅವರೊಬ್ಬರನ್ನೇ ದೂರುವುದು ಸುಲಭ. ಪ್ರತಿಭೆಯಿದ್ದಲ್ಲಿ ಹಣವನ್ನಾಗಲಿ ಉತ್ತಮ ಬಿಡಿಭಾಗವನ್ನಾಗಲಿ ಒದಗಿಸದ ವ್ಯವಸ್ಥೆಯ ಪಾಲೂ ಇದರಲ್ಲಿದೆ. ಕಾಡೆನ್ ಮಾತ್ರ ಎಂಜೆಡ್ ಬಿಟ್ಟು ಹೋಗಲಿಲ್ಲ. 1996ರಲ್ಲಿ ಅವರು ತೀರಿಕೊಂಡಾಗ ಗ್ರ್ಯಾನ್ ಪ್ರಿ ಕಣದಲ್ಲಿ ಟೂ-ಸ್ಟ್ರೋಕ್‌ಗಳದೇ ದರ್ಬಾರು ನಡೆದಿತ್ತು.